ಅರಸಿನ ಹಚ್ಚಿದ ಸಿಗಡಿ

ಐವತ್ತಾರನೇ ಇಸವಿಯ ಒಂದು ಆದಿತ್ಯವಾರ. ದೂಜ ನಮ್ಮ ಸಯನ್ ಚಾಳಿನ ಸಾಲುಮನೆಯ ಬಾಗಿಲಲ್ಲಿ ಒಂದು ಬಕೆಟ್ ಇಟ್ಟು, "ಸಿಗಡಿ ಉಂಟು," ಎಂದಷ್ಟೇ ಹೇಳಿ, ಅಪ್ಪನನ್ನು ಹೋಟೆಲಿನಿಂದ ಕರೆತರಲು ಹೋದ. ಬಗ್ಗಿ ನೋಡಿದೆ. ಬೆರಳುದ್ದದ ಸಿಗಡಿಗಳು ಇನ್ನೂ ಜೀವಂತವಾಗಿ ಜಿಗಿಯುತ್ತಿದ್ದವು.

ನನಗೆ ಖುಷಿಯಾಗಲಿಲ್ಲವೆಂದು ಸುಳ್ಳು ಯಾಕೆ ಹೇಳಲಿ? ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಈ ಮಹಾನುಭಾವ ಒಂದು ವರ್ಷದಿಂದ ರಜೆ ಸಿಕ್ಕಿದಾಗಲೆಲ್ಲ ಅಪ್ಪನ ಜೊತೆ ಮೀನು ಹಿಡಿಯಲು ಬರುತ್ತಿದ್ದ. ನಾನು ಕೊಟ್ಟ ಚಹಾ ಕುಡಿಯುತ್ತಾ ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡುವುದು, ನಾನು ನೋಡಿದೊಡನೆ ಗೋಡೆಯ ಕ್ಯಾಲೆಂಡರ್ ಓದುವುದು. ಅಷ್ಟೇ. ಬಾಯಿಬಿಟ್ಟು ಒಂದು ಮಾತಿಲ್ಲ. ಈಗ ನೋಡಿದರೆ ನನಗೆಂದು ಸಿಗಡಿ ತಂದಿದ್ದಾನೆ!

ತಂದದ್ದೂ ಸರಿಯಾದ ಹೊತ್ತಿಗೇ. ಮುಂದಿನ ಆದಿತ್ಯವಾರ ರಾಜೀವಿ ಅತ್ತೆ ಗೊತ್ತುಮಾಡಿದ ಉಡುಪಿಯ ಹುಡುಗ ನನ್ನನ್ನು ನೋಡಲು ಬರುವವನಿದ್ದ. ಅಪ್ಪ ಹೂಂ ಅಂದಾಗಿತ್ತು. ಇವನು ಬಾಯಿ ಬಿಡುವುದಿದ್ದರೆ ಈ ವಾರವೇ ಬಿಡಬೇಕು.

ಸಂಭ್ರಮದಿಂದ ಸಿಪ್ಪೆ ಸುಲಿದೆ, ನರ ತೆಗೆದೆ, ತೊಳೆದು ಉಪ್ಪು ಅರಸಿನ ಹಚ್ಚಿಟ್ಟೆ.

ಅಪ್ಪನೊಂದಿಗೆ ಬಂದ ದೂಜ ಪಾತ್ರೆ ನೋಡಿ ಹಾಗೇ ನಿಂತುಬಿಟ್ಟ. "ಇದು... ಗಾಳಕ್ಕೆ ಸಿಕ್ಕಿಸಲು ತಂದದ್ದು. ಜಿತಾಡಾ ಮೀನಿಗೆ ಜೀವ ಇರುವ ಸಿಗಡಿಯೇ ಆಗ್ಬೇಕು."

"ಅಯ್ಯೋ ಮಾರಾಯ್ತಿ!" ಅಪ್ಪ ಹಣೆ ಚಚ್ಚಿಕೊಂಡರು. "ಜಿತಾಡಾವನ್ನು ನಾವು ಊಟಕ್ಕೆ ಕರೆದದ್ದಾ?"

ನೆಲ ಬಿರಿದು ನುಂಗಬಾರದೇ ಅನಿಸಿತು. ಸಿಗಡಿ ತಂದದ್ದು ನನಗಲ್ಲ, ಮೀನಿಗೆ! ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನಾನೂ ಬರ್ತೇನೆ," ಎಂದು ಚಹಾದ ಕೆಟಲ್ ಎತ್ತಿಕೊಂಡು ಹೊರಟೆ.

ಸಮುದ್ರ ಒಳನುಗ್ಗುವ ಮಾಹಿಮ್ ಖಾಡಿಯಲ್ಲಿ ನೀರು ಏರುತ್ತಿತ್ತು. ಸಿಗಡಿಯಂತೂ ಇಲ್ಲ, ಮೀನಿಗೆ ಮೋಸವನ್ನಾದರೂ ಮಾಡಬೇಕಲ್ಲ. ದೂಜ ತಾನೇ ಮಾಡಿದ ಆಮಿಷಗಳ ತಗಡಿನ ಡಬ್ಬಿ ತೆರೆದ. ಬಣ್ಣ ಬಳಿದ ಮರದ ಮೀನು, ಕೋಳಿ ಪುಕ್ಕ ಕಟ್ಟಿದ ಗಾಳ, ಹಿಡಿ ಕತ್ತರಿಸಿ ಗಾಳ ಜೋಡಿಸಿದ ಹಿತ್ತಾಳೆ ಚಮಚ. ಅಪ್ಪ ಕೆಂಪು ಮರದ ಮೀನಿಗೆ ಕೈ ಹಾಕಿದರು.

"ನೀರು ಕೆಸರಾಗಿದೆ ಸದಾನಂದಣ್ಣ, ಬಣ್ಣ ಕಾಣ್ಲಿಕ್ಕಿಲ್ಲ. ಚಮಚ ಹಾಕಿ, ಹೊಳೀತದೆ," ಎಂದ ದೂಜ.

ಅಪ್ಪ ಚಮಚವನ್ನು ನೀರಿಗೆಸೆದು ಗರಗರ ಗಾಳದ ರೀಲ್ ಸುತ್ತತೊಡಗಿದರು.

"ಅಷ್ಟು ಅವಸರ ಬೇಡ. ಸ್ವಲ್ಪ ಎಳೀರಿ, ನಿಲ್ಲಿಸಿ. ಚಮಚ ಮುಳುಗುವಾಗಲೇ ಅದು ಕಚ್ಚೋದು."

ಅಪ್ಪ ನೀರಿನಂಚಿಗೆ ಇಳಿದರು. ನಾನು ಚಹಾ ಬಗ್ಗಿಸುತ್ತಾ ಮೆಲ್ಲಗೆ ಚುಚ್ಚಿದೆ. "ಮೀನಿನ ಮನಸ್ಸು ಚೆನ್ನಾಗಿ ಗೊತ್ತುಂಟು ನಿಮಗೆ."

"ಮೀನು ಬಯ್ಯೋದಿಲ್ಲ." ತುಟಿಯ ಒಂದೇ ಬದಿಯಲ್ಲಿ ನಗು.

"ನಗ್ಬೇಡಿ. ಮುಂದಿನ ಆದಿತ್ಯವಾರ ನನ್ನನ್ನು ನೋಡ್ಲಿಕ್ಕೆ ಉಡುಪಿಯಿಂದ ಹುಡುಗ ಬರ್ತಾನೆ."

ನಗು ನಿಂತಿತು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ರೆಪ್ಪೆ ಸಹ ಬಡಿಯದೆ ನೋಡಿದ. ನನ್ನ ಕಿವಿ ಬಿಸಿಯಾಯಿತು.

"ನಿಮಗೆ ಇಷ್ಟ ಉಂಟಾ?"

"ಇದ್ದಿದ್ರೆ ನಿಮ್ಮ ಹತ್ರ ಯಾಕೆ ಹೇಳ್ತಿದ್ದೆ?"

ಅವನು ಲೋಟ ಕೆಳಗಿಟ್ಟ. "ನಾನು ಬರೀ ಫಿಟ್ಟರ್. ನಿಮ್ಮ ಅಪ್ಪನಿಗೆ ಹೋಟೆಲ್ ಉಂಟು. ನಾನು ಕೇಳಿದ ಮೇಲೆ ಅವರು ಆಗದು ಅಂದ್ರೆ ನಿಮ್ಮ ಮನೆಗೆ ಬರುವ ಹಾಗೇ ಇಲ್ಲ. ನಿಮ್ಮನ್ನು ನೋಡ್ಲಿಕ್ಕೂ ಇಲ್ಲ. ಅದಕ್ಕೇ..."

"ಕಚ್ಚಿತು!" ಅಪ್ಪ ಕಿರುಚಿದರು.

ಗಾಳದ ರಾಡ್ ಬಗ್ಗಿತು. ದಪ್ಪ ಜಿತಾಡಾವೊಂದು ಬಾಯಿ ತೆರೆದು ನೀರಿನಿಂದ ಮೇಲಕ್ಕೆ ಹಾರಿ ಬಿತ್ತು. ದೂಜ ಕೈಬಲೆ ಹಿಡಿದು ಸೊಂಟದವರೆಗೆ ನೀರಿಗಿಳಿದ. ಅಪ್ಪ ಎಳೆದೆಳೆದು ಮೀನನ್ನು ಅವನ ಹತ್ತಿರ ತಂದರು.

"ಮಾವ," ಎಂದ ದೂಜ. ಇಷ್ಟು ದಿನ ಸದಾನಂದಣ್ಣ ಆಗಿದ್ದವರು!

"ಬಲೆ ಹಾಕು ಮಾರಾಯ!"

"ಮಾವ, ವಾರಿಜನ್ನ ನನಗೆ ಕೊಡ್ತೀರಾ?"

"ಎಂತ ಸಾವು ಇದು! ಈಗ ಕೇಳೋದಾ? ದಾರ ತುಂಡಾಗ್ತದೆ!"

"ಮತ್ತೆ ಧೈರ್ಯ ಬರ್ಲಿಕ್ಕಿಲ್ಲ ನನಗೆ," ಎಂದು ದೂಜ ಬಲೆಯನ್ನು ಮೀನಿನ ಅಡಿಗೆ ತೂರಿಸಿ ಎತ್ತಿದ. ಎತ್ತಿದವನು ಅಲ್ಲೇ ನಿಂತ.

ಅಪ್ಪ ಕೆಸರಿನಲ್ಲೇ ಕುಸಿದು ಕೂತರು. "ನೀನು ಇವಳ ಮುಖ ಸಹ ನೋಡೋದಿಲ್ಲ, ಮನಸ್ಸಿಲ್ಲ ಅಂದ್ಕೊಂಡೇ ನಾನು ರಾಜೀವಿಗೆ ಹೂಂ ಅಂದದ್ದು. ವರ್ಷವಿಡೀ ಕಾದೆನಲ್ಲ ಮಾರಾಯ, ಇವನು ಕೇಳ್ತಾನೆ, ಇವನು ಕೇಳ್ತಾನೆ ಅಂತ!"

ಎದೆ ಹಗುರಾಗಿ ಕಣ್ಣಲ್ಲಿ ನೀರು ಬಂತು. ಅಬ್ಬಾ! ಮೂವರೂ ಹೆದರಿ ಸುಮ್ಮನಿದ್ದೆವಲ್ಲ!

"ನೀನು ಎಂತ ಹೇಳ್ತಿ ಮಗಾ?" ಅಪ್ಪ ನನ್ನತ್ತ ತಿರುಗಿದರು.

ನಾನು ಹೌದೆಂಬಂತೆ ತಲೆಯಾಡಿಸಿದೆ.

"ಬರೀ ತಲೆಯಾಡಿಸಿದ್ರೆ ಆಗ್ಲಿಕ್ಕಿಲ್ಲ. ನಿನ್ನ ಅತ್ತೆಗೆ ನಾನು ಉತ್ತರ ಕೊಡ್ಬೇಕು. ಬಾಯಿಬಿಟ್ಟು ಹೇಳು."

"ಬೇಗ ಹೇಳು ವಾರಿಜಾ," ಎಂದ ದೂಜ ನೀರಿನಿಂದ. "ಮೀನು ಭಾರ ಉಂಟು."

"ಇವರೇ ಬೇಕು ಅಪ್ಪ!" ಎಂದು ಕೂಗಿದೆ. ಆಚೆ ದಡದ ದೋಣಿಯವರೆಲ್ಲ ಕೆಲಸ ಬಿಟ್ಟು ನಮ್ಮ ಕಡೆ ನೋಡಿದರು. ನೋಡಲಿ, ನನಗೇನು!