ಕೊಪ್ಪಲಿನ ಡೇರಿಯ ಕದಲದ ಅಂಕಿ

"ಸಾಯಂಕಾಲ ನಾಕು ಗಂಟೆಗೆ ಮೀಟಿಂಗು ಕಣವ್ವ, ನನ್ನ ತೆಗೆದಾಕ್ತಾರೆ. ಕೆಲ್ಸ ಓದ್ರೆ ಓಗ್ಲಿ. ಇವ್ಳು ಮುಟ್ಟಿದ್ಕೇ ಆಲು ಒಡೀತು ಅಂತ ಕ್ಯೂನಲ್ಲಿ ನಿಂತೋರು ಮಾತಾಡ್ಕತಾವ್ರೆ. ಅದ ಎಂಗೆ ತಡ್ಕಳ್ಳಿ?"

ಮದ್ದೂರಿನ ಶಿವನಂಜಮ್ಮನ ಜಗುಲಿಯಲ್ಲಿ ಕೂತು ಇಷ್ಟು ಹೇಳುವಷ್ಟರಲ್ಲಿ ನಾಗಮಣಿಯ ಸೆರಗು ಒದ್ದೆಯಾಗಿತ್ತು. ಹನಕೆರೆ ಪಕ್ಕದ ಕೊಪ್ಪಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವುದು ಅವಳ ಕೆಲಸ. ಅವಳ ಕೇರಿಯಿಂದ ಆ ಡೇರಿಯೊಳಗೆ ಕೆಲಸಕ್ಕೆ ಬಂದವರಲ್ಲಿ ಅವಳೇ ಮೊದಲು. ಆ ಮಾತು ಎಲ್ಲಿ ಚುಚ್ಚಿದೆಯೆಂದು ವೀಣಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ವೀಣ ಶಿವನಂಜಮ್ಮನ ತಂಗಿಯ ಮಗಳು, ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ದೊಡ್ಡಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗಳ ಜೊತೆ ಏಗಿ ನಿವೃತ್ತಳಾದವಳು. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಈಗಲೂ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಸುತ್ತಮುತ್ತಲಿನವರು ಬಗೆಹರಿಯದ್ದನ್ನೆಲ್ಲ ಅವಳ ಜಗುಲಿಗೆ ತರುತ್ತಿದ್ದರು, ವೀಣ ಸ್ಕೂಟರ್ ಓಡಿಸುತ್ತಿದ್ದಳು.

ಆಗಿದ್ದು ಇಷ್ಟು. ಬುಧವಾರ ಆಯುಧಪೂಜೆ. ಬೆಳಿಗ್ಗೆ ಎಂಟೂವರೆಗೆ ಹಾಲು ಹಾಕಿಸಿಕೊಂಡು ಮುಗಿಸಿದ ನಾಗಮಣಿ, ಹಾಲು ತಣ್ಣಗಿಡುವ ಕೂಲರಿನ ಬಟನ್ ಒತ್ತಿ ಮಳವಳ್ಳಿಯ ತಾಯಿ ಮನೆಗೆ ಬಸ್ಸು ಹತ್ತಿದ್ದಳು. ಎರಡೂ ಮುಕ್ಕಾಲಿಗೆ ಟ್ಯಾಂಕರಿನವನು ಬಂದು ಒಂದು ಸೌಟು ಹಾಲು ಕಾಯಿಸಿ ನೋಡಿದರೆ ಒಡೆದೇ ಹೋಯಿತು. ಊರಿನ ಒಂದು ಹೊತ್ತಿನ ಹಾಲು ಅಷ್ಟೂ ಚರಂಡಿ ಪಾಲಾಯಿತು.

"ಬಟನ್ ಒತ್ತಿದ್ದು ಗ್ಯಾನ ಅದಾ?" ಶಿವನಂಜಮ್ಮ ಕೇಳಿದಳು.

"ಒತ್ತಿ, ಮೋಟ್ರು ಗುಂಯ್ ಅಂದ್ಮೇಲೇ ಓಗಿದ್ದು ಕಣವ್ವ."

ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ದಾಟುವಾಗ ಮೂವರೂ ಡೇರಿ ಮುಟ್ಟಿದರು. ಅಧ್ಯಕ್ಷ ಚಲುವರಾಜು ಬಿಗಿ ಮುಖದಲ್ಲಿ ಬರಮಾಡಿಕೊಂಡ. ಕಾರ್ಯದರ್ಶಿ ರಘುನಂದನ್ ಕಂಪ್ಯೂಟರಿನ ಪಟ್ಟಿ ತೋರಿಸಿದ. "ನೋಡಿ ಅಮ್ಮ, ಅರ್ಧರ್ಧ ಗಂಟೆಗೂ ಹಾಲಿನ ಬಿಸಿ ಎಷ್ಟು ಅಂತ ತಾನೇ ಬರ್ಕೊಳ್ಳುತ್ತೆ. ಒಂಬತ್ತರಿಂದ ಎರಡರವರೆಗೂ ಇಪ್ಪತ್ತಾರು ಪಾಯಿಂಟ್ ನಾಲ್ಕು ಡಿಗ್ರಿ. ತಣ್ಣಗಾಗೇ ಇಲ್ಲ. ಬಟನ್ ಒತ್ತಿಲ್ಲ ಅನ್ನೋಕೆ ಇನ್ನೇನು ಬೇಕು?"

"ಎರಡೂವರೆಗೆ?"

"ಇಪ್ಪತ್ತೊಂಬತ್ತು."

ಶಿವನಂಜಮ್ಮ ಆ ಅಂಕಿಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿದಳು.

"ಪೂಜೆ ಯಾರು ಮಾಡಿದ್ರು?"

"ನಾನೇ, ಎಂಟೂ ಮುಕ್ಕಾಲಿಗೆ, ಒಬ್ಬನೇ. ಬೀಗ ಹಾಕಿ ಹೋದವನು ಟ್ಯಾಂಕರ್ ಬಂದ ಮೇಲೇ ತಿರುಗಿ ಬಂದಿದ್ದು."

ಬೀಗದ ಕೈ ಇದ್ದದ್ದು ಎರಡೇ. ಇನ್ನೊಂದು ಕ್ಯಾನು ತೊಳೆಯುವ ಚೌಡಯ್ಯನ ಸೊಂಟದಲ್ಲಿತ್ತು. "ನಾ ಬಂದುದ್ದು ಎಲ್ಡೂವರೆಗೆ ಕಣವ್ವ. ಬೀಗ ತೆಗೆಯಕ್ಕೂ ಮುಂಚ್ಲೇ ಒಳಗೆ ಮೋಟ್ರು ಓಡ್ತಿತ್ತು," ಎಂದ ಅವನು.

ಕೂಲರಿನ ಕೋಣೆಯಲ್ಲಿ ಬಾಳೆಕಂದು ಇನ್ನೂ ಬಾಡಿ ನಿಂತಿತ್ತು. ಗೋಡೆಯಲ್ಲಿ ಅಂಗೈಯಗಲದ ಒಂದು ಡಬ್ಬಿ: ಕೂಲರಿನ ಥರ್ಮಾಮೀಟರಿನ ತಂತಿ ಒಂದು ಕಡೆ ಒಳಕ್ಕೆ, ನೆಟ್‌ವರ್ಕಿನ ತಂತಿ ಇನ್ನೊಂದು ಕಡೆ ಹೊರಕ್ಕೆ. ಥರ್ಮಾಮೀಟರು ಹೇಳಿದ್ದನ್ನು ಆಫೀಸಿನ ಕಂಪ್ಯೂಟರಿಗೆ ದಾಟಿಸುವ ಸೀರಿಯಲ್ ಸರ್ವರ್ ಅದು. ಡಬ್ಬಿಗೂ ಕೂಲರಿಗೂ ಕರೆಂಟು ಬರುತ್ತಿದ್ದದ್ದು ಒಂದೇ ದಪ್ಪ ಸ್ವಿಚ್ಚಿನಿಂದ, ಆಫೀಸಿನ ಲೈನು ಬೇರೆ. ತಿರುಗಿಸುವ ಹಿಡಿಯಿದ್ದ ಆ ಸ್ವಿಚ್ಚಿನ ಮುಖಕ್ಕೆ ಮೂರು ಬೆರಳ ವಿಭೂತಿ ಎಳೆದಿತ್ತು. ವೀಣಗೆ ಅದೇಕೋ ಸೊಟ್ಟಗೆ ಕಂಡಿತು, ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಪಟ್ಟೆ ಅಡ್ಡ, ಹಿಡಿಯ ಮೇಲೆ ಉದ್ದ.

"ವೀಣ, ಈ ಡಬ್ಬಿಗೊಂದು ಪುಟ ಇರ್ತದಲ್ಲ, ತೆಗಿ."

ವೀಣ ಆಫೀಸಿನ ಕಂಪ್ಯೂಟರಿನಲ್ಲಿ ಡಬ್ಬಿಯ ವಿಳಾಸ ಹೊಡೆದಳು. ಅಂಕಿ ದಾಟಿಸುವ ವೇಗ ಒಂಬತ್ತು ಸಾವಿರದ ಆರುನೂರು, ಥರ್ಮಾಮೀಟರಿನದ್ದೂ ಅಷ್ಟೇ, ಹಾಗಾಗಿ ಸೆಟ್ಟಿಂಗು ಸರಿ. ಮಾಹಿತಿ ಬರುತ್ತಲೇ ಇದೆ, ತಂತಿಯೂ ಸರಿ. ಕೊನೆಗೆ: ಡಬ್ಬಿ ಚಾಲೂ ಆಗಿ ಒಂದು ದಿನ, ಇಪ್ಪತ್ತಮೂರು ಗಂಟೆ, ಇಪ್ಪತ್ತು ನಿಮಿಷ. ಗೋಡೆಯ ಗಡಿಯಾರದಲ್ಲಿ ಆಗ ಒಂದೂವರೆ.

"ಮೊದ್ಲು ಅದುನ್ನ ಫೋಟೋ ತಕ್ಕೊ," ಎಂದಳು ದೊಡ್ಡಮ್ಮ.

ನಾಲ್ಕಕ್ಕೆ ಕೂಲರಿನ ಕೋಣೆಯಲ್ಲೇ ಎಲ್ಲರೂ ಸೇರಿದರು. ನಾಗಮಣಿಯನ್ನು ತೆಗೆಯುವ ಠರಾವು ಪುಸ್ತಕದಲ್ಲಿ ಆಗಲೇ ಬರೆದಿತ್ತು, ಸಹಿಯೊಂದು ಬಾಕಿ.

"ಬಟನ್ ಒತ್ತಿಲ್ಲ ಅಂತೀರಿ," ಶಿವನಂಜಮ್ಮ ಶುರುಮಾಡಿದಳು. "ಹಂಗಾದ್ರೆ ಚೌಡಯ್ಯ ಬಂದಾಗ ಓಡ್ತಿದ್ದ ಮೋಟ್ರಿನ ಬಟನ್ ಯಾರು ಒತ್ತಿದ್ದು? ಒಂದು ಸಲ ಒತ್ತಿದ್ರೆ, ಕರೆಂಟು ಹೋಗಿ ಬಂದ್ರೂ ಅದು ತಾನೇ ಓಡ್ತದೆ. ಅವಳು ಒತ್ತಿದ್ಲು. ಆಮೇಲೆ ಕರೆಂಟು ಹೋಯ್ತು."

"ಪಟ್ಟಿ ಬರೆದಿದೆಯಲ್ಲ ಅಮ್ಮ," ರಘುನಂದನ್ ಹೇಳಿದ.

"ಬರೆದೈತೆ. ಬಿಸಿಲು ಏರ್ತಾ ಇದ್ರೂ ಐದು ಗಂಟೆ ಹೊತ್ತು ಹಾಲು ಒಂದು ಕೂದಲೆಳೆ ಕಾಯಲೂ ಇಲ್ಲ, ಆರಲೂ ಇಲ್ಲ. ಅಂಥ ಹಾಲು ಎಲ್ಲದೆ? ಡಬ್ಬಿ ಸತ್ತಿತ್ತು. ಡಬ್ಬಿ ಉತ್ತರ ಕೊಡದಿದ್ರೆ ಕಂಪ್ಯೂಟರು ಹಳೇ ಅಂಕಿನೇ ಮತ್ತೆ ಬರೀತದೆ. ಅದು ಮತ್ತೆ ಎದ್ದದ್ದು ಯಾವಾಗ, ವೀಣ?"

"ಒಂದೂವರೆಯಿಂದ ಹಿಂದಕ್ಕೆ ಎಣಿಸಿದರೆ ಬುಧವಾರ ಮಧ್ಯಾಹ್ನ ಎರಡು ಹತ್ತು."

"ನಾಗಮಣಿ ಮಳವಳ್ಳೀಲಿ, ಅವಳ ಹತ್ರ ಬೀಗದ ಕೈಯೂ ಇಲ್ಲ. ಉಳಿದೋರು ಇಬ್ರು." ಚೌಡಯ್ಯ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡ. ಶಿವನಂಜಮ್ಮ ಸ್ವಿಚ್ಚಿನ ಹಿಡಿ ಹಿಡಿದು ತಿರುಗಿಸಿದಳು. ಮೋಟರು ನಿಂತಿತು. ಉದ್ದ ನಿಂತಿದ್ದ ಪಟ್ಟೆ ಅಡ್ಡ ಮಲಗಿ, ಪೆಟ್ಟಿಗೆಯ ಪಟ್ಟೆಯೊಂದಿಗೆ ಕೂಡಿ ಒಂದೇ ಗೆರೆಯಾಯಿತು.

"ವಿಭೂತಿ ಎಳೆದಾಗ ಸ್ವಿಚ್ಚು ಆಫ್ ಆಗಿತ್ತು. ಎಳೆದೋರು ಯಾರು ಅಂತ ಅವರೇ ಹೇಳವ್ರೆ."

"ನಮ್ಮಪ್ಪನ ಅಕ್ಕಿ ಗಿರಣೀಲಿ ಆಯುಧಪೂಜೆ ದಿನ ಮಿಷೀನು ಆಡಿಸ್ತಿರ್ಲಿಲ್ಲ," ಎಂದ ರಘುನಂದನ್ ತಲೆ ತಗ್ಗಿಸಿ. "ಮೊದಲು ಆಫ್ ಮಾಡಿ ಆಮೇಲೆ ಪೂಜೆ. ಕೈ ತಾನಾಗೇ ಹೋಯ್ತು. ಒಳಗೆ ಹಾಲಿದೆ ಅನ್ನೋದು ಊಟ ಮಾಡಿ ಮಲಗಿದಾಗ ಹೊಳೀತು. ಓಡಿ ಬಂದು ಹಾಕಿ, ಬೀಗ ಜಡಿದು ಹೋದೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ಐದೂವರೆ ಗಂಟೆ ಹೊತ್ತು ಮರೆತದ್ದಕ್ಕೆ ನಾನೇನೂ ಅನ್ನಲ್ಲ ಕಣಪ್ಪ," ಶಿವನಂಜಮ್ಮನ ದನಿ ಮೆತ್ತಗಿತ್ತು. "ಎರಡು ದಿನ ಗೊತ್ತಿದ್ದೂ ಸುಮ್ನಿದ್ಯಲ್ಲ." ಅವಳು ಹಿಡಿಯನ್ನು ಮತ್ತೆ ತಿರುಗಿಸಿದಳು. ವೀಣ ಫೋನಿನಲ್ಲಿ ಡಬ್ಬಿಯ ಪುಟ ತೆರೆದು ಎಲ್ಲರಿಗೂ ತೋರಿಸಿದಳು: ಚಾಲೂ ಆಗಿ ಒಂದು ನಿಮಿಷ.

ಚಲುವರಾಜು ಠರಾವಿನ ಪುಟ ಹರಿಯಲು ಕೈ ಹಾಕಿದ. "ನಾಗಮಣಿ, ತಪ್ಪಾಯ್ತು ಕಣಮ್ಮ. ಇಲ್ಲಿಗೆ ಬುಟ್‌ಬುಡು."

"ಅರೀಬ್ಯಾಡಿ," ಎಂದಳು ನಾಗಮಣಿ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ವೀಣ ಕೇಳಿರಲಿಲ್ಲ. "ಅಡ್ಡ ಗೀಟು ಎಳೆದಾಕಿ, ಯಾಕೆ ಅಂತ ಕೆಳಗೆ ಅವ್ರೇ ಬರೀಲಿ. ನನ್ನ ಅಂದದ್ದು ಕ್ಯೂ ಮುಂದೆ. ಇದ್ನೂ ಕ್ಯೂ ಮುಂದೇ ಓದ್ಲಿ."

ಐದು ಗಂಟೆಗೆ ಕ್ಯಾನು, ತಂಬಿಗೆ ಹಿಡಿದು ಸಾಲು ನಿಂತ ಜನರ ಮುಂದೆ ರಘುನಂದನ್ ಎರಡು ಸಲ ತಡವರಿಸಿ ಪೂರ್ತಿ ಓದಿದ. ಸಾಲಿನ ಮೊದಲಲ್ಲಿ ದೇವಿರಮ್ಮ ನಿಂತಿದ್ದಳು. ಬುಧವಾರದಿಂದ ಬಲು ಜೋರಾಗಿ ಬಾಯಿ ಮಾಡಿದವಳು ಅವಳೇ. ಈಗ ತಲೆ ಎತ್ತದೆ, ಕ್ಯಾನನ್ನು ಮುಂದಕ್ಕೆ ತಳ್ಳಲೂ ಆಗದೆ ನಿಂತಳು.

ನಾಗಮಣಿ ಸೌಟು ತೊಳೆದು ತಂದಳು.

"ಮುಚ್ಚಳ ತೆಗೀರವ್ವ," ಎಂದಳು, ದಿನಾ ಹೇಳುವ ಹಾಗೆಯೇ.