ಸೇವಂತಿಗೆ ಹೊಲದಲ್ಲಿ ಅಲುಗದ ನೆರಳು

ಕೆಂಪರಾಜನ ಸೇವಂತಿಗೆ ಹೊಲದ ದೆವ್ವ ಒಂಬತ್ತು ಅಡಿ ಎತ್ತರವಿತ್ತು, ಕನ್ನಡ ತೆಲುಗು ಎರಡನ್ನೂ ತಪ್ಪಿಲ್ಲದೆ ಮಾತಾಡುತ್ತಿತ್ತು, ಮತ್ತು ಕೆಂಪರಾಜ ಬಂದರೆ ಎದ್ದು ನಿಂತು ಜಾಗ ಬಿಡುತ್ತಿತ್ತು. ಈ ಮೂರರಲ್ಲಿ ಒಂದನ್ನಾದರೂ ನಂಬುವವರು ಸಮೇತನಹಳ್ಳಿಯಲ್ಲಿ ಇರಲಿಲ್ಲ. ಆದರೂ ಬೆಳಗಿನ ಜಾವ ಆ ಹೊಲದ ಕಡೆ ತಲೆ ಹಾಕುವವರೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೆ.

"ಬೀಡಿ ಕೇಳ್ತು ಗುರು," ಎಂದು ಅವನು ಹಾಲಿನ ಡೈರಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. "ಬೆಂಕಿಪೊಟ್ಣ ಇಲ್ಲ ಕಣಪ್ಪ ಅಂದೆ. ಪರವಾಗಿಲ್ಲ ಅಂತ ಕಣ್ಣಲ್ಲೇ ಹಚ್ಕೊಂತು."

ಹಾಲು ಅಳೆಯುತ್ತಿದ್ದ ಮುರಳಿ ಕ್ಯಾನಿನಿಂದ ತಲೆ ಎತ್ತಲಿಲ್ಲ. "ಮೈಮೇಲೆ ಬಟ್ಟೆಗಿಟ್ಟೆ ಇತ್ತೇನೋ, ಇಲ್ಲ ಹಂಗೇ ಬಂದಿತ್ತಾ?"

ಸುಳ್ಳಿಗೂ ಮಾನ ಮುಚ್ಚುವುದಕ್ಕೆ ಬಟ್ಟೆ ಬೇಕು. ಚಳಿಗೆಂದು ಕಿವಿಗೆ ಸುತ್ತಿಕೊಂಡಿದ್ದ ಟವೆಲ್ಲನ್ನೇ ಕೆಂಪರಾಜ ದೆವ್ವಕ್ಕೆ ದಾನ ಮಾಡಿಬಿಟ್ಟ. "ಇತ್ತು. ಎಡಗಡೆ ಹೆಗಲ ಮೇಲೊಂದು ಟವೆಲ್ಲು."

ಹಿಂದುಗಡೆ ಸ್ಟೀಲ್ ಕ್ಯಾನೊಂದು ಠಣ್ಣೆಂದು ನೆಲಕ್ಕೆ ಬಿತ್ತು. ತಿರುಗಿದರೆ ಅರ್ಪಿತ. ಚೆಲ್ಲಿದ ಹಾಲಿನ ಕಡೆ ಅವಳು ನೋಡಲೇ ಇಲ್ಲ. ಇವನನ್ನೇ ನೋಡುತ್ತಿದ್ದಳು.

ಅರ್ಪಿತಳ ಗುದ್ದಿಗೆ ಗಾಳಿಯೇ ಊದಿಕೊಳ್ಳುತ್ತದೆ ಎನ್ನುವುದು ಕೆಂಪರಾಜನ ವರ್ಣನೆ. ಅದನ್ನು ಕಳೆದರೂ ಉಳಿಯುವುದು ಕಡಿಮೆಯೇನಲ್ಲ. ರಾಜ್ಯದ ಚಿನ್ನ, ದಕ್ಷಿಣ ವಲಯದ ಚಿನ್ನ, ಆಮೇಲೆ ರಾಷ್ಟ್ರೀಯ ಚಾಂಪಿಯನ್, ಅದರ ಹಿಂದೆಯೇ ರೈಲ್ವೆಯಲ್ಲಿ ಕೆಲಸ. ಇಷ್ಟಕ್ಕೂ ಕಾರಣ ನರಸಿಂಹಯ್ಯ ಮಾಸ್ಟರು. ಮಿಲಿಟರಿಯಿಂದ ನಿವೃತ್ತರಾಗಿ ಹೊಸಕೋಟೆಯ ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತಿದ್ದವರು. ಅವಳ ಪ್ರತಿ ಪಂದ್ಯದಲ್ಲೂ ರಿಂಗಿನ ಮೂಲೆಯಲ್ಲಿ, ಎಡಹೆಗಲಿಗೆ ಟವೆಲ್ ಹಾಕಿಕೊಂಡು ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಎದೆನೋವು ಬಂದು ತೀರಿಹೋದರು. ಅದಾದ ಮೇಲಿನ ಮೊದಲ ಪಂದ್ಯದಲ್ಲಿ ಅರ್ಪಿತ ಒಮ್ಮೆ ಆ ಮೂಲೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೋ ಇದ್ದರು. ಅಷ್ಟರಲ್ಲಿ ಅವಳ ಎಡಗೈ ಇಳಿದಿತ್ತು, ಮರುಗಳಿಗೆ ಅವಳೇ ನೆಲದಲ್ಲಿದ್ದಳು.

ಈಗ ರಜೆ ಹಾಕಿ ಊರಿಗೆ ಬಂದಿದ್ದಳು. ಸಂಕ್ರಾಂತಿ ಕಳೆದರೆ ರಾಷ್ಟ್ರೀಯ ಕ್ಯಾಂಪಿನ ಆಯ್ಕೆ. ಗೆದ್ದರೆ ಉತ್ತರದ ಕಡೆಗೆ, ವರ್ಷಗಟ್ಟಲೆ. ಸೋತರೆ ಕೈಗವಸು ಕಳಚಿಟ್ಟು ಆಫೀಸಿನ ಕುರ್ಚಿ. ಸೋತು ಬಂದವಳ ಅಭ್ಯಾಸ ನೋಡಲು ಊರೆಲ್ಲ ನೆರೆಯುವುದು ಅವಳಿಗೆ ಬೇಕಿರಲಿಲ್ಲ. ಹಾಗಾಗಿ ಯಾರೂ ಏಳದ ಹೊತ್ತಿನಲ್ಲಿ ಕೆಂಪರಾಜನ ಹೊಲಕ್ಕೆ ಬರುತ್ತಿದ್ದಳು. ಅಲ್ಲಿ ಬೆಳಕಿತ್ತು.

ಸೇವಂತಿಗೆಯ ಮೇಲೆ ಸಾಲುಸಾಲು ಬಲ್ಬು ಕಟ್ಟಿ ಇರುಳೆಲ್ಲ ಉರಿಸುತ್ತಾರೆ. ಗಿಡ ಇನ್ನೂ ಹಗಲೆಂದು ಮೋಸಹೋಗಿ, ಮೊಗ್ಗು ಕಟ್ಟುವುದನ್ನು ಮರೆತು ಎತ್ತರಕ್ಕೆ ಬೆಳೆಯುತ್ತದೆ. ಬೆಳೆದದ್ದು ಸಾಕೆನಿಸಿದಾಗ ಬಲ್ಬು ಆರಿಸಿದರೆ ಹೂವು. ಪುಷ್ಯದ ಮಂಜಿನಲ್ಲಿ ಆ ಹೊಲ ದೂರದಿಂದ ನೋಡುವವರಿಗೆ ನೆಲದಿಂದ ಒಂದು ಗೇಣು ಮೇಲೆದ್ದು ತೇಲುತ್ತಿರುವಂತೆ ಕಾಣುತ್ತಿತ್ತು. ನಾಯಿಗಳು ಅದರ ಅಂಚಿಗೆ ಬಂದು ನಿಂತು, ಬೊಗಳದೆ ಹಿಂದಕ್ಕೆ ಹೋಗುತ್ತಿದ್ದವು.

ಮೊದಲ ದಿನ ಬಲ್ಬು ಆರಿಸಲು ಹೋದಾಗ ಕೆಂಪರಾಜ ಕಂಡದ್ದು ಪಂಪ್‌ಹೌಸಿನ ಬಿಳಿ ಗೋಡೆಯನ್ನು. ಅದರ ಮೇಲೆ ಹತ್ತಾರು ಹೆಂಗಸರು, ಒಬ್ಬರ ಮೇಲೊಬ್ಬರು ಬಿದ್ದು, ಶಬ್ದವಿಲ್ಲದೆ ಹೊಡೆದಾಡುತ್ತಿದ್ದರು. ಕೇಳಿಸುತ್ತಿದ್ದದ್ದು ಉಸಿರು ಮಾತ್ರ, ಹ್ಸ್, ಹ್ಸ್, ಹಾವಿನ ಹಾಗೆ. ತಾನು ಓಡಲಿಲ್ಲ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಚಪ್ಪಲಿ ಮಾತ್ರ ಎರಡು ದಿನ ಸಿಗಲಿಲ್ಲ.

ಮರುದಿನ ಇಣುಕಿ ನೋಡಿದ. ಗೋಡೆಗೆ ಎದುರಾಗಿ ಇದ್ದವಳು ಒಬ್ಬಳೇ, ಹತ್ತನೇ ಕ್ಲಾಸಿನವರೆಗೆ ಜೊತೆಗೆ ಓದಿದ ಅರ್ಪಿತ, ತನ್ನ ನೆರಳುಗಳ ಜೊತೆ ಕಾದಾಡುತ್ತಿದ್ದಳು. ಬೆವರಿದ ಕತ್ತಿನಿಂದ ಹಬೆ ಏಳುತ್ತಿತ್ತು. ಅವನು ಬಲ್ಬು ಆರಿಸಲಿಲ್ಲ. ಆ ದಿನವೂ, ಆಮೇಲೂ. ಹಿಂದಿನ ಸಾಲಿನ ಕಂಬದ ಹತ್ತಿರ, ಟವೆಲ್ ಹೆಗಲಿಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು ನಿಂತು ನೋಡುವುದೇ ಅವನ ಕೆಲಸವಾಯಿತು. ಹೊಲದಿಂದ ಏನೋ ಸದ್ದು ಬರುತ್ತದೆ ಎಂದು ಊರು ಗುಸುಗುಟ್ಟತೊಡಗಿದಾಗ, ಅವಳನ್ನು ಯಾರೂ ನೋಡಬಾರದೆಂದು ಒಂಬತ್ತು ಅಡಿಯ ದೆವ್ವವನ್ನು ಹುಟ್ಟಿಸಿದ.

"ನಿಲ್ಲೋ ಕೆಂಪ." ಡೈರಿಯಿಂದ ಹೊರಟವನನ್ನು ಅರ್ಪಿತ ಹುಣಸೆಮರದ ಹತ್ತಿರ ಹಿಡಿದಳು. "ಟವೆಲ್ಲು ಎಡಗಡೇನೇ ಇತ್ತಾ?"

"ಯಾವ ಟವೆಲ್ಲು?"

"ನಾಟಕ ಆಡ್ಬೇಡ. ಈಗಷ್ಟೇ ಡೈರಿಗೆಲ್ಲಾ ಸಾರಿದ್ಯಲ್ಲ."

ಅವಳು ಅವನ ಕಣ್ಣನ್ನು ನೋಡುತ್ತಿರಲಿಲ್ಲ, ಹೆಗಲನ್ನು ನೋಡುತ್ತಿದ್ದಳು. ಗುದ್ದು ಹುಟ್ಟುವುದು ಹೆಗಲಲ್ಲಂತೆ. ಸುಳ್ಳು ಹುಟ್ಟುವ ಜಾಗ ಅವಳಿಗೆ ಗೊತ್ತಿರಲಿಲ್ಲ, ಅದೇ ಪುಣ್ಯ. ನೋಟ ನಿಧಾನವಾಗಿ ಮೇಲೇರಿ ಅವನ ಗದ್ದದ ಹತ್ತಿರ ಒಂದು ಗಳಿಗೆ ತಂಗಿ, ಕಣ್ಣಿಗೆ ಬಂದು ನಿಂತಾಗ ಕೆಂಪರಾಜ ಕಿವಿಯ ಟವೆಲ್ಲನ್ನು ಇನ್ನಷ್ಟು ಬಿಗಿಮಾಡಿಕೊಂಡ.

"ಎಡಗಡೇನೇ," ಎಂದ.

"ನಂಗೂ ಕಾಣ್ಸುತ್ತೆ ಕಣೋ." ಅವಳ ದನಿ ಇಳಿಯಿತು. "ನಿಮ್ಮ ಪಂಪ್‌ಹೌಸ್ ಗೋಡೆ ಮೇಲೆ. ನನ್ನ ನೆರಳೆಲ್ಲಾ ಕುಣೀತಿರ್ತಾವೆ, ಅದೊಂದು ಮಾತ್ರ ಅಲುಗಲ್ಲ. ಹೆಗಲ ಮೇಲೆ ಟವೆಲ್ಲು. ನನ್ನ ಎಡಗೈ ಇಳಿದ್ರೆ ಸಾಕು, ಕೈಯೆತ್ತಿ ಗದ್ದ ಮುಟ್ಕೊಳುತ್ತೆ. ಮಾಸ್ಟರೂ ಹಂಗೇ ಮಾಡ್ತಿದ್ರು. ಕೈ ಗದ್ದಕ್ಕೆ ತಗೋ ಅಂತ."

"ತಿರುಗಿ ನೋಡ್ಬೇಕಿತ್ತು."

"ನೋಡ್ಬಾರ್ದು. ಮೂಲೆ ಕಡೆ ತಿರುಗ್ಬೇಡ, ನಾನಲ್ಲೇ ಇರ್ತೀನಿ ಅಂತಿದ್ರು. ಒಂದ್ಸಲ ತಿರುಗಿದ್ದಕ್ಕೇ ಬಿದ್ದಿದ್ದು ನಾನು."

ಅದು ನಾನೇ ಕಣೇ ಎನ್ನಲು ಕೆಂಪರಾಜ ಬಾಯಿ ತೆರೆದ. ಅಷ್ಟರಲ್ಲಿ ಅವಳು ನಕ್ಕಳು. ಊರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಮೂಗಿನ ಮೇಲಿದ್ದ ಹೊಲಿಗೆಯ ಗುರುತು ಕೂಡ ಅವಳ ಜೊತೆಗೆ ನಕ್ಕಿತು. ತೆರೆದ ಬಾಯಿಯನ್ನು ಅವನು ಹಾಗೆಯೇ ಮುಚ್ಚಿಕೊಂಡ.

"ಯಾರಿಗೂ ಹೇಳ್ಬೇಡ," ಎಂದಳು.

"ನಾನ್ಯಾರಿಗೆ ಹೇಳ್ತೀನಿ?"

"ಅದೂ ನಿಜ. ನೀನು ಹೇಳಿದ್ರೆ ಯಾರು ನಂಬ್ತಾರೆ."

ಅಲ್ಲಿಂದ ಮುಂದೆ ದಿನವೂ ಹುಣಸೆಮರದ ಹತ್ತಿರ ಭೇಟಿ. ಅವಳು ನೆರಳಿನ ಸುದ್ದಿ ಹೇಳುವಳು, ಅವನು ಹ್ಞೂಂಗುಟ್ಟುವನು. ಅವಳ ಎಡಗೈ ಮತ್ತೆ ಗದ್ದಕ್ಕೆ ಬಂದು ಕೂತಿತ್ತು. ನಡಿಗೆಯಲ್ಲಿ ಹಳೆಯ ಪುಟಿತ ಬಂದಿತ್ತು. ಮಾತಿನ ನಡುವೆ ತಮಾಷೆಗೆ ಅವನ ಕಿವಿಯ ಪಕ್ಕಕ್ಕೆ ಮುಷ್ಟಿ ಬೀಸಿ, ಕೂದಲೆಳೆಯ ದೂರದಲ್ಲಿ ನಿಲ್ಲಿಸಿ, ಅವನು ಕಣ್ಣು ಮಿಟುಕಿಸಿದನೇ ಎಂದು ಓರೆಯಾಗಿ ನೋಡುವಳು. ಆ ಗಾಳಿ ತಾಕಿದ ಕಿವಿ ಸಂಜೆಯವರೆಗೂ ಬಿಸಿಯಾಗಿಯೇ ಇರುತ್ತಿತ್ತು. ಸುಳ್ಳು ಎಷ್ಟು ಸಿಹಿಯೋ ಅಷ್ಟೇ ಭಾರವಾಗುತ್ತ ಹೋಯಿತು.

ಅತ್ತ ಹೊಲದಲ್ಲಿ ಗಿಡ ಎದೆಯುದ್ದ ಬಂದಿತ್ತು, ಒಂದು ಮೊಗ್ಗಿರಲಿಲ್ಲ.

"ಲೇ ಕೆಂಪ," ಎಂದರು ಅವನ ಅಪ್ಪ ಅಪ್ಪಯ್ಯಣ್ಣ, ಗಿಡದ ತುದಿಯನ್ನು ತಿರುವಿ ನೋಡುತ್ತ. "ಪಕ್ಕದೋರ ಹೂವು ಆಗ್ಲೇ ಮಾರ್ಕೆಟ್ಟಿಗೆ ಹೋಗ್ತಾ ಐತೆ. ನಮ್ಮದ್ಯಾಕಲಾ ಹಿಂಗೆ ನಿಂತದೆ?"

"ದೆವ್ವ ಓಡಾಡೋ ಹೊಲ ಕಣಪ್ಪ. ಗಿಡಕ್ಕೂ ಭಯ ಇರಲ್ವಾ?"

ಅಪ್ಪಯ್ಯಣ್ಣ ಮಗನ ಮುಖವನ್ನು ಬಹಳ ಹೊತ್ತು ನೋಡಿದರು. ಆ ಸಂಜೆಯೇ ಕೇರಿಯಲ್ಲಿ ದೆವ್ವ ಬಿಡಿಸುವ ಅಕ್ಕಯಮ್ಮ ಬಂದು ಹೊಲದ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟು, ಹಿಂದಿರುಗಿ ನೋಡದೆ ಹೋದಳು. ತಾನು ಕಟ್ಟಿದ ಕಥೆ ತನ್ನನ್ನು ಕೇಳದೆಯೇ ನಡೆಯಲು ಕಲಿತಿದೆ ಎಂದು ಕೆಂಪರಾಜನಿಗೆ ಆಗ ಅನ್ನಿಸಿತು.

ಅದು ಅವನನ್ನು ನಿಜವಾಗಿ ಹೆದರಿಸಿದ್ದು ಒಂದು ಬುಧವಾರ. "ನಿನ್ನೆ ಪಕ್ಕಕ್ಕೇ ಬಂದಿತ್ತು," ಎಂದಳು ಅರ್ಪಿತ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ನನ್ನ ನೆರಳಿನ ಎಡಕ್ಕೆ. ಇಷ್ಟು ಹತ್ರ. ಉಸಿರು ಕೂಡ ಕೇಳಿಸ್ತು."

ನಿನ್ನೆ ಮಂಗಳವಾರ. ಮುರಳಿಯ ಟೆಂಪೋದಲ್ಲಿ ಪಕ್ಕದವರ ಹೂವು ತುಂಬಿಕೊಂಡು ಕೆಂಪರಾಜ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗಿದ್ದ. ಹೊಲದಲ್ಲಿ ಬಲ್ಬುಗಳು ತಮ್ಮಷ್ಟಕ್ಕೆ ತಾವೇ ಉರಿಯುತ್ತಿದ್ದವು.

"ನಿನ್ನೆ?" ಎಂದ.

"ಹ್ಞೂಂ. ಆಯ್ಕೆ ದಿನಾನೂ ಬರ್ತಾರೆ, ನಂಗೊತ್ತು. ಗೋಡೆ ಕಡೆ ನೋಡಿದ್ರೆ ಇರ್ತಾರೆ."

ಆ ದಿನವೆಲ್ಲ ಅವನು ಅದನ್ನೇ ಲೆಕ್ಕ ಹಾಕಿದ. ಪಂದ್ಯದ ರಿಂಗಿಗೆ ಬೆಳಕು ನೆತ್ತಿಯ ಮೇಲಿನಿಂದ ಬೀಳುತ್ತದೆ, ಅಲ್ಲಿ ಬಿಳಿ ಗೋಡೆ ಇರುವುದಿಲ್ಲ. ಅವಳು ಇಲ್ಲದ ನೆರಳನ್ನು ಹುಡುಕಿಕೊಂಡು ತಲೆ ತಿರುಗಿಸುತ್ತಾಳೆ, ಮತ್ತೆ ಬೀಳುತ್ತಾಳೆ. ಹೇಳದಿದ್ದರೆ ಅವಳು ಸೋಲುತ್ತಾಳೆ. ಹೇಳಿದರೆ ಮಾಸ್ಟರನ್ನು ಎರಡನೇ ಸಲ ಸಾಯಿಸಿದಂತೆ, ಮತ್ತೆ ಅವಳು ಇವನ ಮುಖ ನೋಡುವುದಿಲ್ಲ.

ಅವನು ಇನ್ನೂ ತೂಗಿ ನೋಡುತ್ತಿರುವಾಗಲೇ ಅರ್ಪಿತ ಕರೆದಳು. "ನಾಳೆ ನೀನೂ ಬಾ. ನನ್ನ ಪಕ್ಕ ನಿಂತ್ಕೊ. ನಾನೊಬ್ಳೇ ನೋಡಿದ್ರೆ ಹುಚ್ಚು ಅಂತಾರೆ."

"ನಾನು ಬಂದ್ರೆ ದೆವ್ವ ನಾಚ್ಕೊಂಡು ಬರಲ್ಲ."

"ಎದ್ದು ನಿಂತು ಜಾಗ ಬಿಡುತ್ತೆ ಅಂದಿದ್ಯಲ್ಲ?"

ಆ ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ಸೌದೆಯಂತೆ ಸೀಳಿ ಮನೆಗೆ ಹೊತ್ತುಕೊಂಡು ಹೋಗಬಹುದಿತ್ತು. ಕೆಂಪರಾಜ ಟವೆಲ್ಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ. ಅವಳು ಕೈಗೆ ಪಟ್ಟಿ ಸುತ್ತಿಕೊಂಡು ಗೋಡೆಯ ಎದುರು ನಿಂತಳು. ಅವನು ಅವಳ ಎಡಕ್ಕೆ. ಹ್ಸ್, ಹ್ಸ್. ಗೋಡೆಯ ಮೇಲೆ ಅವಳ ಹತ್ತಾರು ನೆರಳುಗಳು ಎದ್ದವು. ಅವುಗಳ ಪಕ್ಕದಲ್ಲಿ ಅಲುಗದೆ ನಿಂತಿದ್ದ ಇವನ ನೆರಳು ಯಾರದೋ ನೆರಳಿನಂತೆ ಕಂಡು ಇವನಿಗೇ ಭಯವಾಯಿತು.

ಆಗ ಸೊಳ್ಳೆ ಕಚ್ಚಿತು. ಅವನ ಕೈ ತಾನಾಗಿ ಮೇಲೆದ್ದು ಗದ್ದ ಮುಟ್ಟಿತು. ಗೋಡೆಯ ಮೇಲೂ ಒಂದು ಕೈ ಎದ್ದು ಗದ್ದ ಮುಟ್ಟಿತು.

ಅವಳ ಉಸಿರಿನ ಸದ್ದು ನಿಂತಿತು.

"ಇನ್ನೊಂದ್ಸಲ ಮಾಡು," ಎಂದಳು, ಗೋಡೆಯ ಮೇಲಿಂದ ಕಣ್ಣು ತೆಗೆಯದೆ.

ಮಾಡಿದ.

"ನೀನೇ."

"ನಾನೇ." ಕಥೆ ಕಟ್ಟುವುದರಲ್ಲಿ ಹೊಸಕೋಟೆ ತಾಲ್ಲೂಕಿಗೇ ಮೊದಲಿಗನಾದವನಿಗೆ ಒಂದು ಎಳೆಯೂ ಸಿಗಲಿಲ್ಲ. "ದಿನಾ ಆ ಕಂಬದ ಹತ್ರ ನಿಂತಿರ್ತಿದ್ದೆ. ಟವೆಲ್ಲೂ ನಂದೇ. ಬಲ್ಬು ಆರಿಸೋ ಕಾಲ ಎಂದೋ ಆಗಿತ್ತು. ಆರಿಸಿದ್ರೆ ನೀನು ಬರಲ್ಲ ಅಂತ ಉರಿಸ್ತಾ ಬಂದೆ. ಹೂವು ನಿಂತಿದ್ದು ಅದಕ್ಕೆ."

"ಗದ್ದ?"

"ಸೊಳ್ಳೆ ಕಣೇ. ನಿನ್ನ ಕೈ ಇಳಿಯೋದೂ ಅದು ಕಚ್ಚೋದೂ ಎಷ್ಟು ಸಲ ಕೂಡಿಬಂತೋ ನಂಗೊತ್ತಿಲ್ಲ."

ಅವಳು ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮಂಜಿನಲ್ಲಿ ಗೊತ್ತಾಗಲಿಲ್ಲ. "ಇಷ್ಟು ದಿನ ನಂಗೆ ಕೋಚಿಂಗ್ ಕೊಟ್ಟಿದ್ದು ಸೊಳ್ಳೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದಳು. "ಮಂಗಳವಾರ ಪಕ್ಕಕ್ಕೆ ಬಂದಿದ್ದೂ ನೀನೇನಾ?"

ಹೌದು ಎಂದುಬಿಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ನೆರಳಿಗೆಲ್ಲ ಒಂದೇ ಹೆಸರು, ಭಯಕ್ಕೆ ಕೊನೆ. ಸುಳ್ಳು ನಾಲಗೆಯ ತುದಿಗೆ ಬಂದು, ಸ್ನಾನ ಮಾಡಿ, ಕ್ರಾಪು ತೆಗೆದು, ಹೊರಡಲು ಸಿದ್ಧವಾಗಿ ನಿಂತಿತ್ತು.

"ಅಲ್ಲ," ಎಂದ ಕೆಂಪರಾಜ. "ಮಂಗಳವಾರ ನಾನು ಬೆಂಗಳೂರಲ್ಲಿದ್ದೆ. ಬೇಕಾದ್ರೆ ಮುರಳೀನ ಕೇಳು, ಅವನ ಟೆಂಪೋದಲ್ಲೇ ಹೋಗಿದ್ದು."

ಇಬ್ಬರೂ ಒಟ್ಟಿಗೆ ಗೋಡೆಯ ಕಡೆ ನೋಡಿದರು. ಅಲ್ಲಿ ತಮ್ಮಿಬ್ಬರ ನೆರಳು ಬಿಟ್ಟು ಬೇರೇನೂ ಇರಲಿಲ್ಲ. ಅವಳ ಪಟ್ಟಿ ಸುತ್ತಿದ ಕೈ ಮಂಜಿನಲ್ಲಿ ತಡವಿ ಅವನ ತೋಳನ್ನು ಹಿಡಿಯಿತು. ಆ ಹಿಡಿತದ ಗುರುತು ಆರು ತಿಂಗಳಿತ್ತು ಎಂದು ಅವನು ಹೇಳುತ್ತಾನೆ. ಒಂದು ವಾರ ಇದ್ದಿರಬಹುದು.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ? ಇವತ್ತೇ ಎಲ್ಲಾ ಹೇಳ್ಬಿಡು."

"ಒಂದಿದೆ." ಅವನು ಕಣ್ಣು ಮುಚ್ಚಿಕೊಂಡ. ಗುದ್ದು ಬೀಳುವುದಿದ್ದರೆ ಅದನ್ನು ನೋಡುವುದು ಬೇಡವಾಗಿತ್ತು. "ನೀನು ಸೋಲಲಿ ಅಂತ ಒಂದಿನ ಅನ್ಸಿತ್ತು. ಸೋತ್ರೆ ಇಲ್ಲೇ ಎಲ್ಲಾದ್ರೂ ಇರ್ತೀಯಲ್ಲ ಅಂತ. ಆಮೇಲೆ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ."

ಗುದ್ದು ಬೀಳಲಿಲ್ಲ.

"ಯಾವತ್ತು?"

"ಹುಣಸೆಮರದ ಹತ್ರ ನಕ್ಕೆಯಲ್ಲ, ಅವತ್ತು."

ಮಂಜಿನೊಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕೈಪಟ್ಟಿಯ ತುದಿಯನ್ನು ಬಿಚ್ಚಿ ಮತ್ತೆ ಸುತ್ತಿದಳು.

"ನಂಗೂ ಅನ್ಸಿತ್ತು," ಎಂದಳು ಕೊನೆಗೆ, ತನಗೇ ಹೇಳಿಕೊಳ್ಳುವಂತೆ. "ಅವತ್ತೇ. ಅದಕ್ಕೇ ಮಾರನೇ ದಿನದಿಂದ ಇನ್ನೂ ಜೋರಾಗಿ ಹೊಡೆದೆ." ಎದ್ದು ನಿಂತಳು. "ಹೋಗಿ ಲೈಟ್ ಆರ್ಸು. ಹೂವಾದ್ರೂ ಬಿಡ್ಲಿ."

"ಏನೂ ಕಾಣಲ್ವಲ್ಲೇ."

"ಕಾಣ್ಬಾರ್ದು. ರಿಂಗಲ್ಲೂ ಕಾಣಲ್ಲ. ನೀನು ಹಿಂದೆ ನಿಂತು ಬಾಯಿಂದ ಹೇಳ್ತಿರು, ಸಾಕು."

ಅವನು ಸ್ವಿಚ್ ಎಳೆದ. ಎದೆಯುದ್ದದ ಹೊಲವೆಲ್ಲ ಒಮ್ಮೆಗೇ ಕಪ್ಪಾಯಿತು. ತನ್ನ ಕೈ ತನಗೇ ಕಾಣದಷ್ಟು ಕತ್ತಲು. ಅದರೊಳಗೆ ಅವಳ ಉಸಿರು ಮಾತ್ರ ಶುರುವಾಯಿತು, ಹ್ಸ್, ಹ್ಸ್. ಅವಳು ಯಾವ ಕಡೆಗೂ ತಿರುಗುತ್ತಿಲ್ಲ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು.

"ಇಲ್ಲಿದ್ದೀನಿ," ಎಂದ ಕೆಂಪರಾಜ. "ಭಯ ಆಗ್ತಿದೆ ಕಣೇ, ಆದ್ರೂ ಇಲ್ಲೇ ಇದ್ದೀನಿ."