ಓದದೆ ಸುಡಬೇಕಾದ ಚೀಟಿ

“ಆ ಪೆಟ್ಟಿಗೇಲಿರೋ ಚೀಟಿಗಳನ್ನ ಓದ್ಬೇಡಿ ಸಾರ್, ಸುಟ್ಟುಬಿಡಿ,” ಎಂದಳು ಅಡುಗೆಯಾಕೆ.

ಹೊಸ ಮ್ಯಾನೇಜರ್ ನಕ್ಕ. ಧ್ಯಾನಕೇಂದ್ರಕ್ಕೆ ಬಂದು ಹತ್ತು ದಿನವಾಗಿತ್ತು. ನಗಲು ಸಿಕ್ಕ ಮೊದಲ ಕಾರಣ ಇದು. ನಲವತ್ತು ಕೋಣೆಗಳ ಮನೆ. ಒಂದು ಕಾಲಕ್ಕೆ ಮೂರು ದಿನದ ಮೌನಕ್ಕೆಂದು ಬಂದವರಿಗೆ ವರಾಂಡದಲ್ಲೂ ಚಾಪೆ ಹಾಸಬೇಕಿತ್ತಂತೆ. ಈಗ ಹಾಸಿಗೆಗಳಿಗೆ ಬೂಷ್ಟು, ಗಂಟೆಗೆ ತುಕ್ಕು, ಪ್ರಾರ್ಥನಾಲಯದ ತುಂಬ ಬಾವಲಿ ವಾಸನೆ. ವರ್ಷದೊಳಗೆ ಜನ ಸೇರಿಸು, ಇಲ್ಲವೇ ಬೀಗ ಹಾಕು ಎಂದಿತ್ತು ಬಿಷಪ್ಪರ ಕಚೇರಿ. ಅವನಿಗೂ ಸಾಕಾಗಿತ್ತು. ಆದರೆ ಅಂದು ಸಂಜೆಯ ಬಸ್ಸಿಗೆ ಹೆಂಡತಿ, ಮಗಳು ಬರುವವರಿದ್ದರು. ಕೆಲಸ ಹುಡುಕಿ ಊರೂರು ಅಲೆದ ಆರು ತಿಂಗಳ ಮೇಲೆ ಮೂವರೂ ಒಂದೇ ಸೂರಿನಡಿ ಇರಬಹುದಿತ್ತು.

ಜನ ಬರಲು ಕರಪತ್ರ ಬೇಕು. ಕರಪತ್ರಕ್ಕೆ ಮನಕರಗುವ ನಾಲ್ಕು ಮಾತು ಬೇಕು. ಅವು ಕೋರಿಕೆ ಪೆಟ್ಟಿಗೆಯಲ್ಲಿದ್ದವು. ಧ್ಯಾನಕ್ಕೆ ಬಂದವರು ದೇವರಿಗೆಂದು ಚೀಟಿ ಬರೆದು ಹಾಕುವುದು, ಕೊನೆಯ ದಿನ ಕೇಂದ್ರದ ಹಿರಿಯ ಗುರುಗಳು ಅವನ್ನು ಓದದೆ ಸುಡುವುದು ಇಲ್ಲಿನ ಕ್ರಮ. ಗುರುಗಳು ಹಾಸಿಗೆ ಹಿಡಿದ ಮೇಲೆ ಸುಡುವವರಿಲ್ಲ.

“ದೇವರ ಹತ್ರ ಎಲ್ಲರೂ ಒಳ್ಳೇದೇ ಬೇಡ್ತಾರಾ ಸಾರ್? ಮಾಟದ ಚೀಟಿ ಹಾಕಿದೋರೂ ಇದ್ದಾರೆ. ಸುಟ್ರೆ ಬೂದಿ. ಓದಿದ್ರೆ ಓದಿದೋರಿಗೇ ಅಂಟುತ್ತೆ.”

“ಹನ್ನೆರಡು ವರ್ಷದಿಂದ ಹೆಂಡತಿ ಹಾಕ್ತಿರೋ ಶಾಪಾನೇ ತಟ್ಟಿಲ್ಲ. ಇದು ತಟ್ಟುತ್ತಾ?”

ಮಧ್ಯಾಹ್ನ ಪ್ರಾರ್ಥನಾಲಯದಲ್ಲಿ ಕೂತು ಪೆಟ್ಟಿಗೆ ಒಡೆದ. ಮಂಡಿನೋವು, ನೌಕರಿ, ಕೂಡಿಬರದ ಮದುವೆ. ತಳದಲ್ಲೊಂದು ಚೀಟಿಗೆ ಕರಿದಾರ ಸುತ್ತಿತ್ತು. ಒಳಗೆ ಕೂದಲ ಗಂಟು. ಪ್ರವಚನದ ಧಾಟಿಯಲ್ಲಿ ಗಟ್ಟಿಯಾಗಿ ಓದಿದ:

“ನನ್ನ ತಮ್ಮ ತನ್ನವರಿಗೇ ಪರಕೀಯನಾಗಲಿ. ಎದುರು ನಿಂತರೂ ಯಾರೋ ಅನ್ನಲಿ.”

ಕೂದಲು ಸುಟ್ಟ ವಾಸನೆ ಬಂತು. ಬೆಂಕಿ ಎಲ್ಲೂ ಇರಲಿಲ್ಲ. ಬಾವಲಿಗಳ ಸದ್ದು ನಿಂತಿತು. ಕಿಟಕಿ ತೆರೆದೇ ಇತ್ತು, ಆದರೂ ಕತ್ತಲೆ. ಕೈ ತೊಳೆದ. ಮತ್ತೆ ತೊಳೆದ. ಸಂಜೆಯಾದರೂ ವಾಸನೆ ಹೋಗಲಿಲ್ಲ. ಬಸ್ಸಿನ ಹಾರ್ನ್ ಕೇಳಿತು. ಗೇಟಿಗೆ ಓಡಿದ.

ಹೆಂಡತಿ ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡಳು. “ಇಲ್ಲಿ ಮ್ಯಾನೇಜರ್ ಇದ್ದಾರಲ್ಲ ಸಾರ್, ನಾವು ಅವರ ಮನೆಯವರು. ಸ್ವಲ್ಪ ಕರೀತೀರಾ?”

“ನಾನೇ ಕಣೇ.”

ಅವಳು ಮಗಳನ್ನು ಹಿಂದಕ್ಕೆಳೆದುಕೊಂಡು ಫೋನ್ ಮಾಡಿದಳು. ಅವನ ಜೇಬಿನಲ್ಲಿದ್ದ ಫೋನೇ ರಿಂಗಾಯಿತು.

“ಅವರ ಫೋನ್ ನಿಮ್ಮ ಹತ್ರ ಹೇಗೆ ಬಂತು?” ಅವಳು ಚೀಲ ಎತ್ತಿಕೊಂಡಳು. “ಅವರನ್ನ ಏನು ಮಾಡಿದ್ರಿ?”

ಅಡುಗೆಯಾಕೆ ಬಂದು ಅವನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು.

“ಮೂವತ್ತು ವರ್ಷದ ಹಿಂದೆ ನಾನೂ ಒಂದು ಓದಿದ್ದೆ ಸಾರ್. ಆಮೇಲೆ ನನ್ನ ತಂಗಿ ಎರಡು ಸಲ ಧ್ಯಾನಕ್ಕೆ ಬಂದಿದ್ಲು. ನಾನೇ ಬಡಿಸ್ದೆ. ‘ನಿಮ್ಮದು ಯಾವೂರಮ್ಮ’ ಅಂತ ಕೇಳಿದ್ಲು.”

ಹೊರಗೆ ಮಗಳು ನಲವತ್ತು ಕೋಣೆಗಳ ಬಾಗಿಲನ್ನೂ ಒಂದೊಂದಾಗಿ ತಟ್ಟುತ್ತಾ “ಅಪ್ಪಾ” ಎಂದು ಕೂಗುತ್ತಿದ್ದಳು. ಕೂಗಿದಾಗಲೆಲ್ಲ ಅವನು “ಓ” ಎನ್ನುತ್ತಿದ್ದ.